ಮೋಡ ಕವಿದ ಸಂಜೆಗಳು

ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ತೌನೊ ವ್ಯಾನು ಹತ್ತಿದ. ಅರವತ್ತೆರಡು ವರ್ಷ ಇದೇ ಲ್ಯಾಪ್‌ಲ್ಯಾಂಡಿನ ಹಿಮ ತುಳಿದವನು ಇಂದು ಮೊದಲ ಸಲ ಟಿಕೆಟ್ಟು ಕೊಂಡು ಸ್ವಂತ ಊರಲ್ಲೇ ಪ್ರವಾಸಿಯಾಗಿದ್ದ. 'ಉತ್ತರದ ಬೆಳಕು, ಕಾಡಿನ ಬೆಂಕಿ, ಬಿಸಿಬಿಸಿ ಊಟ' ಎಂದು ವ್ಯಾನಿನ ಮೈಮೇಲೆ ಬರೆದಿತ್ತು. ತೌನೊಗೆ ಆ ಮೂರೂ ಬೇಕಿರಲಿಲ್ಲ. ಹೆಂಡತಿ ಹಿಲ್ಕಾ ಸಂಜೆ ಹೊತ್ತು ಎಲ್ಲಿಗೆ ಹೋಗುತ್ತಾಳೆ ಎಂಬುದಷ್ಟೇ ಬೇಕಿತ್ತು.

"ನಿಮ್ಮ ಹೆಸರು?" ಎಂದ ಗೈಡ್ ಯೂಸೊ. ಮೂವತ್ತೈದರ ಆಸಾಮಿ. ಚಳಿಗಾಲದ ಕೆಲಸಕ್ಕೆಂದು ದಕ್ಷಿಣದ ತುರ್ಕುವಿನಿಂದ ಬಂದವನು. ಒಳ್ಳೆಯ ಗಡ್ಡ, ಅದಕ್ಕಿಂತ ಒಳ್ಳೆಯ ಹಲ್ಲು. ಎರಡನ್ನೂ ಕಂಡು ತೌನೊಗೆ ಮೈ ಉರಿಯಿತು.

"ವೈನೊ. ತುರ್ಕುವಿನವನು," ಎಂದು ಬಾಯಿಗೆ ಬಂದ ಸುಳ್ಳು ಹೇಳಿದ.

"ಅರೆ, ನಾನೂ ತುರ್ಕುನವನೇ! ಯಾವ ಬೀದಿ ನಿಮ್ದು?"

ತೌನೊಗೆ ತಕ್ಷಣ ಭಯಂಕರ ಕೆಮ್ಮು ಬಂತು. ಕೆಮ್ಮುತ್ತಲೇ ಹಿಂದಿನ ಸೀಟು ಸೇರಿಕೊಂಡ.

ಅನುಮಾನ ಹುಟ್ಟಿದ್ದು ತಿಂಗಳ ಹಿಂದೆ. ವಾರಕ್ಕೆ ಎರಡು ಮೂರು ಸಲ ಹಿಲ್ಕಾ ಐದು ಗಂಟೆಗೆ 'ಹೆಣಿಗೆ ಸಂಘಕ್ಕೆ' ಎಂದು ಹೊರಡುತ್ತಿದ್ದಳು. ಹೆಣಿಗೆಯ ಕಡ್ಡಿ ಮನೆಯಲ್ಲೇ ಬಿದ್ದಿರುತ್ತಿತ್ತು. ಎಂಟಕ್ಕೆ ಬಂದಾಗ ಕೋಟಿಗೆ ಹೊಗೆಯ ವಾಸನೆ, ಕೂದಲಲ್ಲಿ ಪೈನ್ ಮರದ ಸೂಜಿ ಎಲೆ, ಕೆಂಪು ಕೆನ್ನೆ. ದನಿ ಕೂತುಹೋಗಿ, ಜೇನು ಬೆರೆಸಿದ ಹಾಲು ಕುಡಿದು ಮಲಗುವಳು. ಮದುವೆಯಾದಂದಿನಿಂದ ಮೂವತ್ತೆಂಟು ವರ್ಷ ತಪ್ಪಿಸದ ಚರ್ಚಿನ ಹಾಡನ್ನೂ ಈಗ ಬಿಟ್ಟಿದ್ದಳು. ಇಷ್ಟಾದರೂ ಖುಷಿಯಾಗಿದ್ದಳು! ತೌನೊಗೆ ತಡೆಯಲಾಗದೇ ಹೋದದ್ದು ಇದೇ.

ಹೋದ ವಾರ ಅವಳ ಫೋನಿನಲ್ಲಿ ಸಂದೇಶ ಕಣ್ಣಿಗೆ ಬಿತ್ತು. 'ಇವತ್ತು ಮೋಡ. ಅದೇ ಜಾಗ. ಮೊನ್ನೆ ನೀವು ಅದ್ಭುತ, ನನಗಂತೂ ಮೈ ಜುಮ್ಮೆಂದಿತು. ಗೈಡ್ ಯೂಸೊ.'

ಪಕ್ಕದ ಮನೆಯ ಉರ್ಪೊ ಸೌನಾದ ಹಬೆಯಲ್ಲಿ ಕೂತು, ಕಾದ ಕಲ್ಲಿಗೆ ನೀರು ಎರಚುತ್ತ, ಈ ಗಂಟು ಬಿಡಿಸಿದ್ದ.

"ಮೋಡದ ದಿನ ಮಾತ್ರ ಹೋಗ್ತಾಳಾ? ಸರಿಹೋಯ್ತು ಬಿಡು. ಆಕಾಶ ತಿಳಿಯಾಗಿದ್ರೆ ಉತ್ತರದ ಬೆಳಕು ಕಾಣುತ್ತೆ, ಗೈಡುಗಳಿಗೆ ಉಸಿರಾಡಕ್ಕೂ ಪುರುಸೊತ್ತಿಲ್ಲ. ಮೋಡ ಕವಿದ್ರೆ ಏನೂ ಕಾಣಲ್ಲ, ಪ್ರವಾಸ ರದ್ದು. ಆಮೇಲೆ ಅವನಿಗೇನು ಕೆಲಸ, ನೀನೇ ಯೋಚ್ನೆ ಮಾಡು ಮಾರಾಯ."

ತೌನೊ ಯೋಚನೆ ಮಾಡಿದ. ಯೋಚಿಸಿ ಯೋಚಿಸಿ ಎರಡು ರಾತ್ರಿ ನಿದ್ದೆಗೆಟ್ಟ. ಹಿಲ್ಕಾ ಇಲ್ಲದ ಮನೆ ಅವನಿಗೆ ಕಲ್ಪಿಸಿಕೊಳ್ಳಲೂ ಆಗಲಿಲ್ಲ. ಇಂದೂ ಮೋಡ. ಐದಕ್ಕೆ ಅವಳು ಹೊರಟಳು, ಐದೂವರೆಗೆ ಇವನೂ ಹೊರಟ. ಪ್ರವಾಸ ರದ್ದಾದರೆ ಯೂಸೊನ ಬೆನ್ನು ಹತ್ತುವುದೆಂದು ಅವನ ಹಂಚಿಕೆ. ಆದರೆ ರದ್ದಾಗಲಿಲ್ಲ. ವ್ಯಾನು ಭರ್ತಿಯಾಗಿಯೇ ಹೊರಟಿತು.

ಕಾಡಿನ ನಡುವೆ ಬೆಂಕಿ ಹೊತ್ತಿತು. ಹಲಗೆಗೆ ಮೊಳೆ ಹೊಡೆದಿಟ್ಟ ಸಾಲ್ಮನ್ ಮೀನು ಉರಿಯ ಪಕ್ಕದಲ್ಲಿ ಹದವಾಗಿ ಬೇಯತೊಡಗಿತು. ಯೂಸೊ ಎಲ್ಲರ ಕೈಗೂ ಉದ್ದನೆಯ ಕಡ್ಡಿ, ಒಂದೊಂದು ಸಾಸೇಜು ಕೊಟ್ಟ. ವೈರಿಯ ಅನ್ನ ಮುಟ್ಟಬಾರದೆಂದು ತೌನೊ ಮನೆಯಲ್ಲೇ ಶಪಥ ಮಾಡಿ ಬಂದಿದ್ದ. ಶಪಥ ಮೊದಲ ಸಾಸೇಜಿನವರೆಗೂ ಉಳಿಯಲಿಲ್ಲ. ನಾಲ್ಕನೆಯದನ್ನು ಸಾಸಿವೆಯಲ್ಲಿ ಅದ್ದುವಾಗ ಮಾತ್ರ ಅವನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

"ಮೀನು ಹೇಗಿದೆ ವೈನೊ ಅವರೇ?" ಎಂದ ಯೂಸೊ.

"ಉಪ್ಪು ಕಮ್ಮಿ," ಎಂದು ತೌನೊ ಹಲ್ಲು ಕಡಿದು, ಮತ್ತೆ ತಟ್ಟೆ ಚಾಚಿದ.

ಪಕ್ಕದಲ್ಲಿ ಕೂತ ಡಚ್ ಹೆಂಗಸು ಮೇಲೆ ನೋಡಿ ಮುಖ ಸಣ್ಣದು ಮಾಡಿದಳು. "ಬರೀ ಮೋಡ. ಇಷ್ಟು ದೂರ ಬಂದಿದ್ದು ದಂಡ ಆಯ್ತಲ್ಲ."

"ಬೇಜಾರು ಯಾಕೆ?" ಯೂಸೊ ಕೆಟಲಿನಿಂದ ಕಾಫಿ ಸುರಿದ. "ಉತ್ತರದ ಬೆಳಕಿಗೆ ನಮ್ಮಲ್ಲಿ ನರಿಬೆಂಕಿ ಅಂತಾರೆ. ನರಿ ಬಾಲ ಬೀಸಿ ಹಿಮ ಎರಚಿದ್ರೆ ಆಕಾಶಕ್ಕೆ ಕಿಡಿ ಹಾರುತ್ತಂತೆ. ಕಾಫಿ ಕುಡೀರಿ, ಸದ್ದು ಮಾಡ್ಬೇಡಿ, ನರಿ ಇಲ್ಲೇ ಎಲ್ಲೋ ಇರಬಹುದು. ಒಂದು ಹೊರೆ ಕಟ್ಟಿಗೆ ತಂದ್ಬಿಡ್ತೀನಿ."

ಕಟ್ಟಿಗೆ ಅಲ್ಲೇ ಮೊಣಕಾಲೆತ್ತರ ಬಿದ್ದಿತ್ತು. ತೌನೊ ಅದನ್ನು ನೋಡಿದ. ಮರಗಳ ಹಿಂದೆ ಮರೆಯಾಗುತ್ತಿದ್ದ ಯೂಸೊನನ್ನೂ ನೋಡಿದ. ಸಾಸೇಜಿನ ಕಡ್ಡಿಯನ್ನು ಭರ್ಜಿಯಂತೆ ಹಿಡಿದು ಸದ್ದಿಲ್ಲದೆ ಹಿಂಬಾಲಿಸಿದ. ಮೊಣಕಾಲುದ್ದದ ಹಿಮದಲ್ಲಿ ಎರಡು ಸಲ ಮುಗ್ಗರಿಸಿದರೂ ಕಡ್ಡಿ ಬಿಡಲಿಲ್ಲ.

ದಟ್ಟ ಮರವೊಂದರ ಆಚೆ ಪಿಸುಮಾತು ಕೇಳಿತು.

"ಎಷ್ಟೊತ್ತೋ? ಕಾದೂ ಕಾದೂ ಕಾಲು ಮರಗಟ್ಟಿತು." ಹಿಲ್ಕಾಳ ದನಿ! ತೌನೊ ಮರಕ್ಕೆ ಮೈ ಒತ್ತಿ ನಿಂತ.

"ತಪ್ಪಾಯ್ತು. ಯಾರೋ ಒಬ್ಬ ಮುದುಕ ಬಂದಿದಾನೆ, ನನ್ನ ಮೇಲೇ ಕಣ್ಣು. ಇವತ್ತು ಎರಡು ಸಲ ಸಾಕು. ಮೊನ್ನೆ ನಾಲ್ಕಾಯ್ತು, ನಿಮಗೆ ಸುಸ್ತು."

"ನನಗಾ ಸುಸ್ತು? ಸುಸ್ತಾಗಿದ್ದು ನೀನು. ಇಷ್ಟು ವರ್ಷ ಆ ಮನೇಲಿ ಇದಕ್ಕೆಲ್ಲ ಅವಕಾಶ ಎಲ್ಲಿತ್ತು? ಇಲ್ಲಿಗೆ ಬಂದ್ರೆ ಹೋದ ಜೀವ ಬಂದ ಹಾಗಾಗುತ್ತೆ."

"ನಿಮ್ಮೆಜಮಾನ್ರಿಗೆ ಹೇಳಿದ್ರಾ?"

"ಅವರಿಗಾ? ಯಾವ ಬಾಯಲ್ಲಿ ಹೇಳ್ಲೋ? ನಾಚಿಕೆ ಆಗುತ್ತೆ."

ತೌನೊನ ಕಣ್ಣಲ್ಲಿ ನೀರು ತುಂಬಿತು. ಸಿಟ್ಟಿಗಿಂತ ದುಃಖವೇ ಹೆಚ್ಚಾಗಿತ್ತು. ಹಿಮ ಹೊತ್ತ ಕೊಂಬೆಯನ್ನು ಒಂದು ಕೈಯಲ್ಲಿ ಸರಿಸಿದ. ಯೂಸೊ ಗಡಿಯಾರ ನೋಡಿ ತಲೆಯಾಡಿಸಿದ್ದು ಕಾಣಿಸಿತು. ಹಿಲ್ಕಾ ಕೊರಳಿನ ಶಾಲು ಸಡಿಲಿಸಿ ಯೂಸೊನತ್ತ ನಕ್ಕಳು. ಇನ್ನು ನೋಡಲಾರೆನೆಂದು ತೌನೊ ಕೂಗಲು ಬಾಯಿ ತೆರೆದ.

ಅಷ್ಟರಲ್ಲಿ ಮೂವತ್ತೆಂಟು ವರ್ಷ ಅವನ ಜೊತೆ ಬಾಳಿದ ಹೆಂಡತಿ ಎರಡೂ ಕೈ ಬಾಯಿಗೆ ಹಿಡಿದು, ಮೋಡದತ್ತ ಮುಖವೆತ್ತಿ, ಬೆಂಕಿಯ ಸುತ್ತ ಕೂತ ಹನ್ನೊಂದು ಜನ ಪ್ರವಾಸಿಗರಿಗೆ ಕೇಳುವ ಹಾಗೆ, ಥೇಟ್ ನರಿಯಂತೆ ಊಳಿಟ್ಟಳು.