ಲೇಬಲ್ಲಿನಲ್ಲಿ ವಾರಿಜಾ

ಮನೆಯಲ್ಲಿ ಸೋಪು ಮಾಡುವವರು ಎಣ್ಣೆ, ಕಾಸ್ಟಿಕ್ ಸೋಡಾಗಳ ಜೊತೆಗೆ, ಕಲಕುವಾಗ ಮನಸ್ಸಿನಲ್ಲಿದ್ದುದನ್ನೂ ಲೇಬಲ್ಲಿನಲ್ಲಿ ತೋರಿಸಬೇಕು ಎಂಬುದು ಈಗಿನ ಕಾನೂನು. ಲೇಬಲ್ ಯಂತ್ರವೇ ಮನಸ್ಸನ್ನು ಓದಿ ಅಚ್ಚು ಹಾಕುತ್ತದೆ. ಎದುರುಮನೆ ವಾರಿಜಾಳ ಸೋಪಿನ ಮೇಲೆ ಯಾವಾಗಲೂ ‘ಮನಸ್ಸಿನಲ್ಲಿ: ಏನೂ ಇಲ್ಲ’. ಎಷ್ಟು ಶುದ್ಧ ಎಂದು ಜನ ಮುಗಿಬೀಳುತ್ತಾರೆ. ಅವಳಿಗೆ ಸೋಪು ಕಲಕಲು ಕಲಿಸಿದವಳೇ ನಾನು! ನನ್ನದರ ಮೇಲೆ ಮೂರು ವರ್ಷದಿಂದ ಒಂದೇ ಸಾಲು: ‘ವಾರಿಜಾಳ ಮೇಲೆ ಹೊಟ್ಟೆಕಿಚ್ಚು’.

ಲೇಬಲ್ಲಿನಲ್ಲಿ ಹೆಸರು ಬಂದವರು ಖಾಸಗಿತನದ ಅರ್ಜಿಗೆ ಸಹಿ ಹಾಕಿದರೆ ಕಚೇರಿಯವರು ಆ ಸಾಲನ್ನು ಅಳಿಸುತ್ತಾರಂತೆ. ಹಲ್ಲು ಕಚ್ಚಿಕೊಂಡು ಅವಳ ಮನೆಗೆ ಹೋದೆ. ಕಿಟಕಿಯ ಕಟ್ಟೆಯ ಮೇಲೆ ನನ್ನ ಸೋಪುಗಳನ್ನು, ಒಂದನ್ನೂ ಬಿಚ್ಚದೆ, ಸಾಲಾಗಿ ಜೋಡಿಸಿಟ್ಟಿದ್ದಳು.

“ಒಂದು ಸಹಿ ಹಾಕಮ್ಮ, ನಿನ್ನ ಹೆಸರು ತೆಗೀತಾರೆ,” ಎಂದೆ.

ಅವಳು ಅರ್ಜಿಯನ್ನು ಮಡಚಿ ನನ್ನ ಕೈಗೇ ಕೊಟ್ಟಳು. “ಬೇಡ ಅಕ್ಕ, ಇರ್ಲಿ ಬಿಡಿ. ದಿನಾ ನನ್ನ ನೆನೆಸ್ಕೊಳ್ಳೋರು ಅಂತ ಇರೋದು ನೀವೊಬ್ರೇ.”