ದಾರಿಯ ಸುದ್ದಿ

ಮರದ ಸೇತುವೆಯ ಬಲಗಡೆಯ ಹಲಗೆಗಳು ಕಿತ್ತುಹೋಗಿರುವುದು ಕಣ್ಣಿಗೆ ಬೀಳುವಷ್ಟರಲ್ಲಿ ಅಂಚೆಯವನ ಸೈಕಲ್ಲಿನ ಮುಂದಿನ ಚಕ್ರ ಸೇತುವೆ ಏರಿಯಾಗಿತ್ತು. ಗಕ್ಕನೆ ಎಡಕ್ಕೆ ವಾಲಿ, ಮೊಣಕೈ ತರಚಿಕೊಂಡು ಹೇಗೋ ದಾಟಿಕೊಂಡ. ಹಲಗೆ ಇರಬೇಕಾದ ಕಡೆ ಬರೀ ಮಂಜು, ಅದರ ಕೆಳಗೆ ಮೂವತ್ತಡಿ ಆಳದಲ್ಲಿ ಬಂಡೆಗಳು. 'ಅಕ್ಕನಿಗೆ ಹೇಳಬೇಕು, ಎಡಕ್ಕೆ ಹೋಗು, ಎಡಕ್ಕೆ ಹೋಗು' ಎಂದು ಪಾಠ ಒಪ್ಪಿಸುವವನ ಹಾಗೆ ಗೊಣಗಿಕೊಳ್ಳುತ್ತಾ ಪೆಡಲು ತುಳಿದ.

ಎಂಟು ಗಂಟೆಗಳ ರೇಸು, ಇಬ್ಬರ ತಂಡ. ಅಕ್ಕ ಒಂದು ಸುತ್ತು, ತಮ್ಮ ಒಂದು ಸುತ್ತು. ಸುತ್ತಿಗೆ ನಲವತ್ತು ನಿಮಿಷ. ಡೇರೆಗೆ ಬಂದವನು ಕಾಲಿನಿಂದ ಸುತ್ತುಗಳ ಲೆಕ್ಕ ಹಿಡಿಯುವ ಪಟ್ಟಿ ಬಿಚ್ಚಿ ಹೊರಡುವವಳ ಕಾಲಿಗೆ ಕಟ್ಟಬೇಕು. ಕಟ್ಟುವ ಆ ನಾಲ್ಕು ಸೆಕೆಂಡಿನಲ್ಲೇ ದಾರಿಯ ಸುದ್ದಿ ಹೇಳಿ ಮುಗಿಸಬೇಕು: ಎಲ್ಲಿ ಜಾರುತ್ತದೆ, ಎಲ್ಲಿ ಮರ ಬಿದ್ದಿದೆ. ಅಕ್ಕ ಅವನನ್ನು ಹೆಸರು ಹಿಡಿದು ಕರೆದವಳಲ್ಲ, ತಮ್ಮಾ ಎಂದವಳೂ ಅಲ್ಲ, ಅವಳಿಗೆ ಅವನು ಯಾವಾಗಲೂ 'ಪೋಸ್ಟು'. ಮನೆಯಲ್ಲಿ ಅವನ ಒಂದು ಮಾತನ್ನೂ ನೆಟ್ಟಗೆ ಕೇಳದವಳು, ದಾರಿಯ ಸುದ್ದಿಯನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತಿದ್ದಳು. ಇಳಿಜಾರಿನ ವೇಗದಲ್ಲಿ ತಾನೇ ನೋಡಿ ತಿಳಿದುಕೊಳ್ಳಲು ಪುರಸೊತ್ತಿರುವುದಿಲ್ಲ.

"ದಾರಿ ಬಿಡಪ್ಪಾ," ಎಂದಿತು ಹಿಂದಿನಿಂದ ಒಂದು ದನಿ. ಕೇಳಿದವರಿಗೆ ಬಿಡಬೇಕು, ತಿರುಗಿ ನೋಡಬಾರದು. ನೋಡಿದರೆ ಇಬ್ಬರೂ ಬೀಳುತ್ತಾರೆ. ಅಂಚೆಯವನು ಪಕ್ಕಕ್ಕೆ ಸರಿದ. ತೋಳಿಗೆ ತಣ್ಣನೆಯ ಗಾಳಿ ಸೋಕಿತು, ಒಂದು ಹಳದಿ ಬೆನ್ನು ಮಂಜಿನಲ್ಲಿ ಮರೆಯಾಯಿತು. ಅವನ ಅಂಗಿಯೂ ಹಳದಿಯೇ. ಇಷ್ಟು ದೂರ ತುಳಿದು ಬಂದರೂ ಆ ದನಿಯಲ್ಲಿ ಏದುಸಿರೇ ಇರಲಿಲ್ಲವಲ್ಲ ಎಂದು ಅವನಿಗೆ ಹೊಟ್ಟೆಕಿಚ್ಚಾಯಿತು. ಎಲ್ಲೋ ಕೇಳಿದ ದನಿ ಬೇರೆ. ಫೋನಿನಲ್ಲಿ ರೆಕಾರ್ಡ್ ಆದ ತನ್ನದೇ ಮಾತು ಕೇಳಿದಾಗ ಆಗುವಂಥ ಕಸಿವಿಸಿ. ಮುಂದೆ ಹೋದವನ ಜಾಡನ್ನೇ ಹಿಡಿದು ಹೋಗೋಣವೆಂದು ಕೆಸರು ನೋಡಿದರೆ, ಅಲ್ಲಿ ಚಕ್ರದ ಗುರುತೇ ಇರಲಿಲ್ಲ.

ಡೇರೆಯಲ್ಲಿ ಅಕ್ಕನಿರಲಿಲ್ಲ. ಬೀಗ ರಿಪೇರಿ ಮಾಡುವ ಭಾವ ಒಬ್ಬರೇ ಕೂತು ಬದಲಿ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಅವನನ್ನು ಕಂಡು ನಕ್ಕರು.

"ಇದೇನೋ ನಿನ್ನ ಅವತಾರ? ಆಗ ಮದುವೆಗೆ ಹೊರಟವನ ಹಾಗೆ ಬಂದೆ, ಮೈಮೇಲೆ ಒಂದು ಹನಿ ಕೆಸರಿಲ್ಲ. ನೀರು ಕುಡಿಯೋಕೆ ಹೋದವನು ಎಲ್ಲಿ ಹೊರಳಾಡಿ ಬಂದೆ?"

"ಭಾವ, ನಾನು ಬರ್ತಾ ಇರೋದೇ ಈಗ. ಅಕ್ಕ ಎಲ್ಲಿ?"

"ಸರಿ, ನಾನೇ ಕುರುಡ. ನೀನು ಬಂದು ಪಟ್ಟಿ ಬಿಚ್ಚಿ ಅವಳ ಕಾಲಿಗೆ ಕಟ್ಟಿ ಆಗಲೇ ಎಂಟು ನಿಮಿಷ ಆಯ್ತು."

ಅಂಚೆಯವನು ಬಗ್ಗಿ ತನ್ನ ಕಣಕಾಲಿನ ಕೆಸರು ಒರೆಸಿದ. ಪಟ್ಟಿ ಅಲ್ಲೇ ಇತ್ತು. ಭಾವನ ನಗು ಅರ್ಧಕ್ಕೇ ನಿಂತಿತು. ಕೈಯಲ್ಲಿದ್ದ ಬಾಟಲಿಯಿಂದ ಎಣ್ಣೆ ಅವರ ಪ್ಯಾಂಟಿನ ಮೇಲೆ ತೊಟ್ಟಿಕ್ಕುತ್ತಿದ್ದರೂ ಅವರಿಗೆ ಗೊತ್ತಾಗಲಿಲ್ಲ.

"ಅವನು ಅಕ್ಕನಿಗೆ ಏನು ಹೇಳಿದ, ಭಾವ?"

"ನೀನೇ ಹೇಳಿದೆಯಲ್ಲೋ. ಸೇತುವೆಯಲ್ಲಿ ಎಡಗಡೆ ಕಿತ್ತುಹೋಗಿದೆ, ಬಲಕ್ಕೇ ಹೋಗು ಅಂತ."

ಅಂಚೆಯವನು ಲೆಕ್ಕ ಹಾಕಿದ. ಸುತ್ತು ಹಾಕಿ ಅಕ್ಕ ಸೇತುವೆ ಮುಟ್ಟಲು ಇನ್ನೂ ಇಪ್ಪತ್ತು ನಿಮಿಷವಿದೆ. ಇಲ್ಲಿಂದ ಹಿಮ್ಮುಖವಾಗಿ ಹೋದರೆ ಎರಡೇ ಕಿಲೋಮೀಟರ್, ಮೊದಲು ತಾನೇ ತಲುಪಬಹುದು. ಹಿಮ್ಮುಖವಾಗಿ ಹೋದವರನ್ನು ರೇಸಿನಿಂದ ತೆಗೆದುಹಾಕುತ್ತಾರೆ, ಅದೂ ತಮ್ಮ ತಂಡವೇ ಎಲ್ಲರಿಗಿಂತ ಮುಂದಿರುವಾಗ. ಹಾಳಾಗಿ ಹೋಗಲಿ ಎಂದುಕೊಂಡು ಸೈಕಲ್ ತಿರುಗಿಸಿದ.

ಅಷ್ಟರಲ್ಲಿ ಮಂಜಿನೊಳಗಿಂದ ಅಕ್ಕ ಬಂದಳು.

"ಅಬ್ಬಾ, ಬಂದಳಲ್ಲ," ಎಂದು ಭಾವ ಎದೆಯ ಮೇಲೆ ಕೈಯಿಟ್ಟುಕೊಂಡರು. ಅಂಚೆಯವನಿಗೂ ಹೋದ ಜೀವ ಬಂದ ಹಾಗಾಯಿತು. ಅವಳು ಅವನೆದುರು ಸೈಕಲ್ ನಿಲ್ಲಿಸಿ ಮುಗುಳ್ನಕ್ಕಳು. ನಲವತ್ತು ನಿಮಿಷದ ದಾರಿಯನ್ನು ಹತ್ತೇ ನಿಮಿಷದಲ್ಲಿ ಮುಗಿಸಿದವಳ ಎದೆ ಏರಿಳಿಯುತ್ತಿರಲಿಲ್ಲ. ಬೂಟಿನ ಬಿಳಿ ಲೇಸು ಬಿಳಿಯಾಗಿಯೇ ಇತ್ತು.

"ನಿನ್ನ ಸರದಿ, ತಮ್ಮಾ," ಎಂದು ಪಟ್ಟಿ ಬಿಚ್ಚಲು ಬಗ್ಗಿದಳು. "ಸೇತುವೆ ಹತ್ರ ಬಲಕ್ಕೇ ಹೋಗು."

ಅಂಚೆಯವನು ಅವಳ ಪಕ್ಕದಿಂದ ನುಗ್ಗಿದ. ಹಿಂದೆ ಭಾವ ಏನೋ ಕೂಗಿದ್ದು ಕೇಳಿಸಿತು, ಏನೆಂದು ತಿಳಿಯಲಿಲ್ಲ. ಕಾಡಿನ ದಾರಿ ಒಂದು ಸೈಕಲ್ಲಿಗೆ ಸಾಕಾಗುವಷ್ಟೇ ಅಗಲ. ಅದರ ನಟ್ಟನಡುವೆ ತುಳಿದ. ಅಕ್ಕಾ ಎಂದು ಕೂಗಿಕೊಳ್ಳಬೇಕೆನಿಸಿತು, ಆದರೆ ಯಾವ ಅಕ್ಕ ಓಗೊಡುತ್ತಾಳೋ ಎಂದು ಹೆದರಿ ಬಾಯಿ ಬಿಗಿಹಿಡಿದ.

"ದಾರಿ ಬಿಡು, ತಮ್ಮಾ," ಎಂದಿತು ಹಿಂದಿನಿಂದ ದನಿ, ಸಾವಕಾಶವಾಗಿ.

ಅವನು ತಿರುಗಿ ನೋಡಲಿಲ್ಲ, ದಾರಿಯನ್ನೂ ಬಿಡಲಿಲ್ಲ. ಸೇತುವೆಗೆ ಇನ್ನೂ ಒಂದು ಕಿಲೋಮೀಟರ್ ಇತ್ತು. ಸ್ವಲ್ಪ ಹೊತ್ತು ಅವನ ಚೈನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಆಮೇಲೆ ಕಿವಿಯ ಪಕ್ಕದಲ್ಲೇ, ಅಕ್ಕನ ದನಿಯಲ್ಲಿ, ಈ ಸಲ ಜೋರಾಗಿ ಏದುಸಿರು ಬಿಡುತ್ತಾ:

"ದಾರಿ ಬಿಡೋ, ಪೋಸ್ಟು."