ಕನ್ನಡಿ ತನಕ ಹೋಗಿಬಂದ ಶರ್ಟು

ಚಳಿಗಾಲ ಮುಗಿದ ಮೊದಲ ಭಾನುವಾರ ಹೆಂಡತಿ ಬೀರುವಿನ ಎರಡೂ ಬಾಗಿಲು ತೆರೆದು, ಪಕ್ಕದಲ್ಲಿ ದೊಡ್ಡದೊಂದು ಚೀಲ ಇಟ್ಟುಕೊಂಡು ನಿಂತಳು. ಮಂಚದ ತುದಿಯಲ್ಲಿ ಕೂತಿದ್ದ ನಿವೃತ್ತ ಇನ್ಸ್‌ಪೆಕ್ಟರರು ಕೈಯಲ್ಲಿದ್ದ ಪೇಪರು ಮಡಿಸಿಟ್ಟರು.

ಕಾನೂನು ಅವಳದೇ. ಮೊಬೈಲಿನಲ್ಲಿ ಯಾರೋ ಪುಣ್ಯಾತ್ಗಿತ್ತಿ ಹೇಳಿದ್ದನ್ನು ಕೇಳಿ, ಚಳಿಗಾಲದ ಮೊದಲ ದಿನ ಎಲ್ಲ ಹ್ಯಾಂಗರುಗಳನ್ನೂ ಕೊಕ್ಕೆ ಹಿಂದುಮುಂದಾಗಿ ತೂಗುಹಾಕಿದ್ದಳು. ಬಟ್ಟೆ ತೊಟ್ಟ ಮೇಲೆ ಅದರ ಹ್ಯಾಂಗರನ್ನು ಸರಿಯಾಗಿ ತಿರುಗಿಸಬೇಕು. ಚಳಿ ಮುಗಿದರೂ ಯಾವುದು ತಿರುಗಿಲ್ಲವೋ ಆ ಬಟ್ಟೆ ಮನೆ ಬಿಡಬೇಕು. ಅಪೀಲಿಗೆ ಅವಕಾಶವಿಲ್ಲ.

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಅಂಗಡಿಯವರ ಬೆವರಿಳಿಸಿದ ಇನ್ಸ್‌ಪೆಕ್ಟರರು ನಿವೃತ್ತರಾಗಿದ್ದು ಆ ಚಳಿ ಶುರುವಾಗುವ ಹಿಂದಿನ ವಾರ. ಅಲ್ಲಿಂದ ನಾಲ್ಕು ತಿಂಗಳು ಮೊಣಕಾಲು ಸವೆದ ಪೈಜಾಮವೊಂದೇ ಗತಿ. ಅದರಲ್ಲೇ ಪೇಪರು, ಅದರಲ್ಲೇ ನಿದ್ದೆ, ಅದರಲ್ಲೇ ಬೀದಿ ಕೊನೆಯ ಅಂಗಡಿಗೆ ಸವಾರಿ. ನೀವು ತರೋ ಒಂದು ಕಿಲೋ ಈರುಳ್ಳಿ ಮೂರು ದಿನಕ್ಕೂ ಸಾಲಲ್ಲ, ದಾರೀಲಿ ಹಸಿಹಸಿ ತಿಂತೀರಾ ಎಂದು ಹೆಂಡತಿ ಆಗಾಗ ಛೇಡಿಸುವುದೂ ಇತ್ತು. ಪಾಪ, ಆಫೀಸಿನ ಏಳು ಬಿಳಿ ಶರ್ಟುಗಳಿಗೆ ಮಾತ್ರ ಹೋಗಲು ಎಲ್ಲೂ ಜಾಗವಿರಲಿಲ್ಲ. ಅವೂ ಚೀಲಕ್ಕೆ ಬಿದ್ದರೆ ತಾನು ಬರೀ ಪೈಜಾಮದ ಮನುಷ್ಯನಾಗಿ ಉಳಿಯುತ್ತೇನೆ ಎಂಬ ಭಯ ಅವರಿಗೆ.

ಆದರೆ ಏನಾಶ್ಚರ್ಯ, ಏಳೂ ಹ್ಯಾಂಗರುಗಳು ಶಿಸ್ತಾಗಿ ಸರಿದಿಕ್ಕಿಗೆ ತಿರುಗಿದ್ದವು. ಹೆಂಡತಿ ಒಂದೊಂದೇ ಶರ್ಟಿನ ತೋಳು ಹಿಡಿದು ನೋಡಿದಳು. ಇಸ್ತ್ರಿಯ ಗೆರೆ ಮುರಿದಿರಲಿಲ್ಲ, ಕಾಲರಿನಲ್ಲಿ ಹನಿ ಬೆವರಿನ ಕಲೆಯಿಲ್ಲ.

"ಏಳೂ ತೊಟ್ಟಿದ್ದೀರಾ?"

"ತೊಟ್ಟಿದ್ದೀನಿ."

"ಎಲ್ಲಿಗೆ ಹೋಗೋಕೆ?"

ಇನ್ಸ್‌ಪೆಕ್ಟರರು ನೆಲ ನೋಡಿದರು. "ಕನ್ನಡಿ ತನಕ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಹೆಂಡತಿ ಶರ್ಟುಗಳನ್ನು ಒಟ್ಟಿಗೇ ಬಾಚಿಕೊಂಡು ಚೀಲದತ್ತ ತಿರುಗಿದಳು. ಆಗ ಇನ್ಸ್‌ಪೆಕ್ಟರರ ಹಳೆಯ ಕಣ್ಣು ಕೆಲಸ ಮಾಡಿತು. ಅವಳ ಕಡೆಯ ಸಾಲಿನಲ್ಲಿ, ಆರು ವರ್ಷದಿಂದ ಮನೆಯ ಹೊಸ್ತಿಲು ದಾಟದ ನೀಲಿ ರೇಷ್ಮೆ ಸೀರೆ. ಅದರ ಹ್ಯಾಂಗರೂ ತಿರುಗಿತ್ತು.

"ಅದೆಲ್ಲಿಗೆ ಹೋಗಿತ್ತು?"

ಅವಳ ಕೈ ನಿಂತಿತು. "ನೀವು ಅಂಗಡಿಗೆ ಹೋದಾಗ," ಎಂದಳು ಮುಖ ತಿರುಗಿಸಿ. "ಅದೇ ಕನ್ನಡಿಗೆ."

ನ್ಯಾಯಾಧೀಶೆಯೇ ಕಟಕಟೆ ಹತ್ತಿದ ಮೇಲೆ ಕಾನೂನಿಗೆ ತಿದ್ದುಪಡಿ ಅನಿವಾರ್ಯವಾಯಿತು. ತಂದ ಚೀಲ ಖಾಲಿ ಉಳಿಯಬಾರದಲ್ಲ, ಅವರ ಪೈಜಾಮ ಮತ್ತು ಅವಳ ಎರಡು ಮಾಸಲು ನೈಟಿ ಅದರೊಳಗೆ ಹೋದವು. ತೊಡದೆ ಇಟ್ಟದ್ದೆಲ್ಲ ಬೀರುವಿನಲ್ಲಿ ಭದ್ರವಾಗಿ ಉಳಿಯಿತು, ದಿನಾ ತೊಟ್ಟದ್ದು ಮನೆ ಬಿಟ್ಟಿತು. ಹಳೆ ಬಟ್ಟೆಯವಳು ಸಂಜೆಯೇ ಬಂದು ಚೀಲ ಒಯ್ದಳು.

ಮರುದಿನ ಬೆಳಗ್ಗೆ ನೀಲಿ ರೇಷ್ಮೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೆಂಡತಿ ಒಲೆ ಹಚ್ಚಿದಳು, ಈರುಳ್ಳಿ ಇಲ್ಲವೆಂದಳು. ಬೇರೆ ದಾರಿಯಿಲ್ಲದೆ ಇನ್ಸ್‌ಪೆಕ್ಟರರು ಬಿಳಿ ಶರ್ಟು ತೊಟ್ಟು, ಅಭ್ಯಾಸಬಲದಿಂದ ಜೇಬಿಗೆ ಪೆನ್ನು ಸಿಕ್ಕಿಸಿ ಹೊರಟರು. ಬೀದಿ ಕೊನೆಯ ಅಂಗಡಿಯವನು ಬೇರೆಲ್ಲೋ ನೋಡುತ್ತ ಅವರ ಈರುಳ್ಳಿ ತೂಗುತ್ತಿದ್ದ. ತಲೆಯೆತ್ತಿದವನ ಕಣ್ಣಿಗೆ ಮೊದಲು ಶರ್ಟು, ಆಮೇಲೆ ಪೆನ್ನು ಬಿತ್ತು.

"ಏನ್ ಸಾರ್, ಮತ್ತೆ ಡ್ಯೂಟಿನಾ?" ಎನ್ನುತ್ತ ಅವನು ತಕ್ಕಡಿಯ ತಟ್ಟೆಯಿಂದ ಹೆಬ್ಬೆರಳು ತೆಗೆದು, ಇನ್ನೂ ನಾಲ್ಕು ಈರುಳ್ಳಿ ಹಾಕಿದ.